ಟ್ರೇಲರಿನ ಮೇಲೆ ಟ್ರ್ಯಾಕ್ಟರ್: ತೂಕ, ಜಾಗ, ಸರಪಳಿ

ಟ್ರ್ಯಾಕ್ಟರನ್ನು ಟ್ರೇಲರಿನ ಮೇಲೆ ಹೇರಿಕೊಂಡು ಹೋಗುವವರನ್ನು ಕೇಳಿದರೆ ಬಹುಪಾಲು ಮಂದಿ ಮೊದಲು ಎತ್ತುವುದು ಸರಪಳಿಗಳ ವಿಷಯವನ್ನು. ಎಷ್ಟು ಸರಪಳಿ ಹಾಕಬೇಕು, ಎಷ್ಟು ಬಿಗಿಯಬೇಕು ಎನ್ನುವಲ್ಲಿಗೆ ಮಾತು ಮುಗಿಯುತ್ತದೆ. ಸರಪಳಿ ಮುಖ್ಯವೇ ಸರಿ. ಆದರೆ ನನ್ನ ಸಣ್ಣ ಟ್ರ್ಯಾಕ್ಟರನ್ನು ಹಲವು ವರ್ಷಗಳಿಂದ ಒಂದು ಕೆಲಸದ ಜಾಗದಿಂದ ಇನ್ನೊಂದಕ್ಕೆ ನಾನೇ ಸಾಗಿಸುತ್ತಾ ಬಂದಿರುವುದರಿಂದ, ಯಂತ್ರ ಹಲಗೆಯ ಮೇಲೆ ಎಲ್ಲಿ ನಿಂತಿದೆ ಎಂಬುದು ಅದನ್ನು ಹೇಗೆ ಕಟ್ಟಿದೆ ಎಂಬುದಕ್ಕಿಂತ ಮೊದಲು ಬಗೆಹರಿಯಬೇಕಾದ ಪ್ರಶ್ನೆ ಎಂದು ನನಗೆ ಮನವರಿಕೆಯಾಗಿದೆ. ತಪ್ಪು ಜಾಗದಲ್ಲಿ ನಿಂತ ಟ್ರ್ಯಾಕ್ಟರನ್ನು ಎಷ್ಟು ಗಟ್ಟಿಯಾಗಿ ಬಿಗಿದರೂ ಟ್ರೇಲರ್ ದಾರಿಯಲ್ಲಿ ನೆಟ್ಟಗೆ ಬರುವುದಿಲ್ಲ.

ಜಾಗವನ್ನು ಗೊತ್ತುಮಾಡಲು ಮೊದಲು ತೂಕ ತಿಳಿದಿರಬೇಕು. ಕೈಪಿಡಿಯಲ್ಲಿ ಅಚ್ಚಾಗಿರುವ ಅಂಕಿ ಬರಿಯ ಯಂತ್ರದ್ದು. ನನ್ನ ಟ್ರ್ಯಾಕ್ಟರಿನ ಕೈಪಿಡಿ ಸುಮಾರು 900 ಕಿಲೋ ಎನ್ನುತ್ತದೆ, ಆದರೆ ಮುಂದಿನ ಲೋಡರ್ ಮತ್ತು ಅದರ ಬಕೆಟ್‌ಗೆ 280, ಹಿಂದೆ ಜೋಡಿಸುವ, ಮಣ್ಣು ಹದಮಾಡುವ ರೊಟವೇಟರಿಗೆ 230, ಹಿಡಿತ ಹೆಚ್ಚಲೆಂದು ಹಿಂದಿನ ಟಯರುಗಳಿಗೆ ತುಂಬಿಸಿದ ನೀರಿಗೆ 200, ಡೀಸೆಲ್, ಸರಪಳಿ, ಉಪಕರಣಗಳಿಗೆ ಇನ್ನೊಂದು 40 ಸೇರಿದರೆ ಹೊರೆ 1,650 ಕಿಲೋ ಮುಟ್ಟುತ್ತದೆ. ಟಯರಿನೊಳಗಿನ ನೀರನ್ನು ಲೆಕ್ಕಕ್ಕೆ ಹಿಡಿಯದವರೇ ಹೆಚ್ಚು. ಲೀಟರಿಗೆ ಒಂದು ಕಿಲೋದಂತೆ ಅದು ಸದ್ದಿಲ್ಲದೆ ಸೇರಿಕೊಳ್ಳುತ್ತದೆ, ನೀರಿನ ಬದಲು ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ ತುಂಬಿಸಿದ್ದರೆ ಇನ್ನೂ ಹೆಚ್ಚು. ಇತ್ತ ಟ್ರೇಲರಿನ ಫಲಕದ ಮೇಲಿರುವ ಗರಿಷ್ಠ ತೂಕದಲ್ಲಿ ಟ್ರೇಲರಿನ ಸ್ವಂತ ತೂಕವೂ ಅಡಗಿರುತ್ತದೆ. ನನ್ನದು ಎರಡು ಆಕ್ಸಲಿನ ಟ್ರೇಲರ್. ಫಲಕ ಸುಮಾರು 3,200 ಕಿಲೋ ಎನ್ನುತ್ತದೆ, ಖಾಲಿ ತೂಕ 900 ಕಿಲೋ, ಹಾಗಾಗಿ ಅದು ನಿಜವಾಗಿ ಹೊರಬಲ್ಲದ್ದು 2,300 ಮಾತ್ರ. ಎಳೆಯುವ ವಾಹನಕ್ಕೂ, ಟ್ರೇಲರನ್ನು ಜೋಡಿಸುವ ಅದರ ಹಿಚ್‌ಗೂ, ಟ್ರೇಲರಿನ ಮೂತಿ ಕೂರುವ ಗುಂಡಾದ ಬಾಲ್‌ಗೂ ಪ್ರತ್ಯೇಕ ಮಿತಿಗಳಿರುತ್ತವೆ. ಇವೆಲ್ಲವುಗಳಲ್ಲಿ ಅತಿ ಚಿಕ್ಕದು ಯಾವುದೋ ಅದೇ ಇಡೀ ಸಾಲಿನ ಮಿತಿ.

ಕಾಗದದ ಲೆಕ್ಕವನ್ನು ನಾನು ಒಮ್ಮೆ ವೇಬ್ರಿಡ್ಜ್‌ನಲ್ಲಿ ಪರೀಕ್ಷಿಸಿಕೊಂಡೆ, ಅದರಿಂದಲೇ ಮೂತಿಯ ಭಾರವನ್ನೂ ತಿಳಿದುಕೊಂಡೆ. ಟ್ರೇಲರಿನ ಮೂತಿ ಎಳೆಯುವ ವಾಹನದ ಬಾಲ್ ಮೇಲೆ ಕೆಳಮುಖವಾಗಿ ಹೇರುವ ಭಾರವನ್ನು ಇಲ್ಲಿ ಮೂತಿಯ ಭಾರ ಎನ್ನುತ್ತಿದ್ದೇನೆ. ಹೊರೆ ಸಮೇತ ಟ್ರೇಲರನ್ನು ವಾಹನದಿಂದ ಬಿಡಿಸಿ, ಅದರದೇ ಜಾಕಿಯ ಮೇಲೆ ನಿಲ್ಲಿಸಿ ಒಮ್ಮೆ ತೂಗಬೇಕು. ಅನಂತರ ವಾಹನಕ್ಕೆ ಜೋಡಿಸಿ, ಟ್ರೇಲರಿನ ಚಕ್ರಗಳು ಮಾತ್ರ ತಟ್ಟೆಯ ಮೇಲಿರುವಂತೆ ನಿಲ್ಲಿಸಿ ಇನ್ನೊಮ್ಮೆ ತೂಗಬೇಕು. ನನಗೆ ಮೊದಲ ಅಂಕಿ 2,550, ಎರಡನೆಯದು 2,240 ಬಂದಿತು. ನಡುವಿನ 310 ಕಿಲೋ ಮೂತಿಯ ಭಾರ, ಅಂದರೆ ಒಟ್ಟು ತೂಕದ ಶೇಕಡಾ 12ರಷ್ಟು. ಬಾಲ್ ಹಿಚ್‌ನಿಂದ ಎಳೆಯುವ ಇಂತಹ ಟ್ರೇಲರುಗಳಿಗೆ ಸಾಮಾನ್ಯವಾಗಿ ಹೇಳುವ ಮಿತಿ ಶೇಕಡಾ 10ರಿಂದ 15. ಅದಕ್ಕಿಂತ ಕಡಿಮೆಯಾದರೆ ವೇಗ ಏರಿದಂತೆ ಟ್ರೇಲರ್ ಎಡಬಲಕ್ಕೆ ಓಲಾಡತೊಡಗುತ್ತದೆ ಮತ್ತು ಆ ಓಲಾಟ ತಾನಾಗಿಯೇ ಬೆಳೆಯಬಲ್ಲದು. ಹೆಚ್ಚಾದರೆ ವಾಹನದ ಹಿಂಭಾಗ ಕುಸಿದು ಮುಂದಿನ ಚಕ್ರಗಳು ಹಗುರಾಗುತ್ತವೆ, ಸ್ಟಿಯರಿಂಗ್ ಮತ್ತು ಬ್ರೇಕ್ ಎರಡೂ ದುರ್ಬಲವಾಗುತ್ತವೆ.

ಈ ಮಿತಿ ಎಷ್ಟು ಇಕ್ಕಟ್ಟಾದದ್ದು ಎಂಬುದನ್ನು ಒಂದು ಸಣ್ಣ ಲೆಕ್ಕ ತೋರಿಸುತ್ತದೆ. ನನ್ನ ಟ್ರೇಲರಿನಲ್ಲಿ ಬಾಲ್‌ನಿಂದ ಎರಡು ಆಕ್ಸಲುಗಳ ನಡುಬಿಂದುವಿಗೆ ಸುಮಾರು 4 ಮೀಟರ್ ದೂರವಿದೆ. 1,650 ಕಿಲೋ ತೂಗುವ ಹೊರೆಯನ್ನು 30 ಸೆಂಟಿಮೀಟರ್ ಹಿಂದೆ ಅಥವಾ ಮುಂದೆ ಸರಿಸಿದರೆ, 1,650ನ್ನು 0.3ರಿಂದ ಗುಣಿಸಿ 4ರಿಂದ ಭಾಗಿಸಿದಾಗ ಬರುವಂತೆ, ಮೂತಿಯ ಭಾರ ಸುಮಾರು 124 ಕಿಲೋ ಬದಲಾಗುತ್ತದೆ. ಅದು ಒಟ್ಟು ತೂಕದ ಹತ್ತಿರಹತ್ತಿರ ಶೇಕಡಾ 5. ಅಂದರೆ 10ರಿಂದ 15ರವರೆಗಿನ ಇಡೀ ಅವಕಾಶ ಹಲಗೆಯ ಮೇಲೆ ಒಂದು ಗೇಣಿಗಿಂತ ಸ್ವಲ್ಪವೇ ಹೆಚ್ಚು. ಕಣ್ಣಂದಾಜಿನಲ್ಲಿ "ಸ್ವಲ್ಪ ಮುಂದಕ್ಕೆ ಇದ್ದರೆ ಸಾಕು" ಎನ್ನುವವರ ಮಾತನ್ನು ಆ ದಿನದಿಂದ ನಾನು ಒಪ್ಪುತ್ತಿಲ್ಲ. ವೇಬ್ರಿಡ್ಜ್‌ನಲ್ಲಿ ಸರಿಯಾದ ಜಾಗ ಸಿಕ್ಕ ಕೂಡಲೇ ಹಿಂದಿನ ಚಕ್ರಗಳು ನಿಂತ ಕಡೆ ಹಲಗೆಯ ಅಂಚಿಗೆ ಬಣ್ಣದ ಗೆರೆ ಎಳೆದೆ. ರೊಟವೇಟರ್ ಇದ್ದಾಗ ಒಂದು ಗೆರೆ, ಇಲ್ಲದಾಗ ಇನ್ನೊಂದು. ಉಪಕರಣ ಬದಲಾದರೆ ಭಾರದ ಕೇಂದ್ರವೂ ಬದಲಾಗುತ್ತದೆಯಾದ್ದರಿಂದ ಒಂದೇ ಗೆರೆ ಎಲ್ಲಕ್ಕೂ ಹೊಂದುವುದಿಲ್ಲ. ಇದೆಲ್ಲ ಟ್ರೇಲರಿನ ಹಲಗೆ ನೆಲಕ್ಕೆ ಸಮನಾಗಿರುವಾಗಿನ ಮಾತು. ಮೂತಿ ಮೇಲಕ್ಕೆದ್ದಿದ್ದರೆ ಹಿಂದಿನ ಆಕ್ಸಲಿನ ಮೇಲೆ ಭಾರ ಹೆಚ್ಚುತ್ತದೆ, ಹಾಗಾಗಿ ಬಾಲ್‌ನ ಎತ್ತರವನ್ನೂ ಹೊಂದಿಸಿಕೊಳ್ಳಬೇಕು.

ಜೋಡಣೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಬಾಲ್‌ನ ಅಳತೆ ಮತ್ತು ಟ್ರೇಲರಿನ ಮೂತಿಯಲ್ಲಿ ಅದನ್ನು ಹಿಡಿಯುವ ಬಾಯಿಯ ಅಳತೆ ಒಂದೇ ಆಗಿರಬೇಕು. ಚಿಕ್ಕ ಬಾಲ್ ಮೇಲೆ ದೊಡ್ಡ ಬಾಯಿ ಕೂತಂತೆ ಕಂಡರೂ ಮೊದಲ ಗುಂಡಿಯಲ್ಲಿಯೇ ಕಳಚಿಕೊಳ್ಳಬಹುದು. ಲಾಕ್ ಹಾಕಿ ಪಿನ್ ತೂರಿಸಿದ ಮೇಲೆ ಟ್ರೇಲರಿನ ಜಾಕಿಯಿಂದ ಮೂತಿಯನ್ನು ತುಸು ಎತ್ತಿ ನೋಡುತ್ತೇನೆ. ಅದರೊಂದಿಗೆ ವಾಹನದ ಹಿಂಭಾಗವೂ ಏಳುತ್ತಿದ್ದರೆ ಹಿಡಿತ ನಿಜವಾದದ್ದು. ಸುರಕ್ಷಾ ಸರಪಳಿಗಳನ್ನು ಮೂತಿಯ ಕೆಳಗೆ ಒಂದರ ಮೇಲೊಂದು ಅಡ್ಡಹಾಯುವಂತೆ ಹಾಕಿದರೆ, ಹಿಚ್ ಕಳಚಿದರೂ ಮೂತಿ ರಸ್ತೆಗೆ ಇಳಿಯದೆ ಅವುಗಳ ಮೇಲೆ ನಿಲ್ಲುತ್ತದೆ. ದೀಪಗಳು, ಟ್ರೇಲರಿನ ಬ್ರೇಕು, ತುರ್ತು ಬ್ರೇಕಿನ ತಂತಿ, ತಣ್ಣಗಿರುವಾಗಿನ ಟಯರಿನ ಗಾಳಿ ಇವಿಷ್ಟನ್ನು ನೋಡಿಯೇ ಮುಂದುವರಿಯುತ್ತೇನೆ. ಟ್ರೇಲರಿನ ಟಯರುಗಳು ಸವೆಯುವುದಕ್ಕಿಂತ ಮೊದಲು ವಯಸ್ಸಾಗಿ ಒಡೆಯುವುದುಂಟು. ಅವುಗಳ ಮೈಮೇಲಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. 2319 ಎಂದಿದ್ದರೆ ಅದು 2019ರ 23ನೆಯ ವಾರದ ಟಯರು.

ನನ್ನ ದೃಷ್ಟಿಯಲ್ಲಿ ಇಡೀ ಕೆಲಸದಲ್ಲಿ ಅತ್ಯಂತ ಅಪಾಯದ ಹೊತ್ತು ರಸ್ತೆಯದ್ದಲ್ಲ, ರ‍್ಯಾಂಪಿನದು. ಟ್ರ್ಯಾಕ್ಟರಿನ ಭಾರ ಟ್ರೇಲರಿನ ಬಾಲದ ತುದಿಗೆ ಬಿದ್ದ ಕ್ಷಣ ಟ್ರೇಲರ್ ಏತದ ಮರದಂತೆ ವರ್ತಿಸುತ್ತದೆ: ಬಾಲ ತಗ್ಗಿ ಮೂತಿ ಏಳುತ್ತದೆ. ಆಕ್ಸಲುಗಳಿಂದ 2 ಮೀಟರ್ ಹಿಂದೆ 1,000 ಕಿಲೋ ಬಿದ್ದರೆ, 4 ಮೀಟರ್ ಮುಂದಿರುವ ಬಾಲ್‌ನಲ್ಲಿ 500 ಕಿಲೋದಷ್ಟು ಎತ್ತುವ ಬಲ ಹುಟ್ಟುತ್ತದೆ. ಅದು ವಾಹನದ ಹಿಂಭಾಗವನ್ನು ಎತ್ತುತ್ತದೆ. ಬಹುತೇಕ ವಾಹನಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ ಎಂಬುದನ್ನು ನೆನೆದರೆ, ಆ ಚಕ್ರಗಳು ನೆಲದ ಹಿಡಿತ ಕಳೆದುಕೊಂಡಾಗ ವಾಹನ, ಟ್ರೇಲರ್ ಮತ್ತು ಅರ್ಧ ಹತ್ತಿದ ಟ್ರ್ಯಾಕ್ಟರ್ ಮೂರೂ ಒಟ್ಟಿಗೆ ಜಾರತೊಡಗಬಹುದೆಂಬುದು ಅರ್ಥವಾಗುತ್ತದೆ. ಆದ್ದರಿಂದ ಟ್ರೇಲರಿನ ಬಾಲದ ಎರಡೂ ಮೂಲೆಗಳ ಕೆಳಗೆ ಗಟ್ಟಿಯಾದ ಆಧಾರ ಕೊಡದೆ ನಾನು ಟ್ರ್ಯಾಕ್ಟರನ್ನು ಮುಟ್ಟುವುದಿಲ್ಲ. ಮಟ್ಟಸವಾದ ಗಟ್ಟಿ ನೆಲ, ವಾಹನಕ್ಕೆ ಜೋಡಿಸಿಯೇ ಇರುವ ಟ್ರೇಲರ್, ಚಕ್ರಗಳಿಗೆ ಅಡೆ, ಬಾಲಕ್ಕೆ ಆಧಾರ. ಇವುಗಳಲ್ಲಿ ಯಾವುದೊಂದು ಇಲ್ಲದಿದ್ದರೂ ಅಲ್ಲಿ ಹೇರುವ ಕೆಲಸವನ್ನೇ ಮಾಡುವುದಿಲ್ಲ.

ಹತ್ತುವಾಗ ಭಾರವಾದ ತುದಿ ಏರಿನ ಕಡೆಗಿರಬೇಕು ಎಂಬುದನ್ನು ಬಿಡದೆ ಪಾಲಿಸುತ್ತೇನೆ. ರೊಟವೇಟರ್ ಜೋಡಿಸಿರುವಾಗ ನೆಟ್ಟಗೆ ಹತ್ತಿದರೆ ಮುಂಭಾಗ ಹಗುರಾಗಿ ಮೇಲೇಳುವ, ಕಡೆಗೆ ಯಂತ್ರ ಹಿಮ್ಮುಖವಾಗಿ ಮಗುಚುವ ಸಾಧ್ಯತೆ ಇರುತ್ತದೆ. ಆದ್ದರಿಂದ ಆಗ ರಿವರ್ಸ್ ಗೇರಿನಲ್ಲಿ ಹತ್ತಿಸುತ್ತೇನೆ. ಹಿಂದೆ ಏನೂ ಇಲ್ಲದಿದ್ದರೆ ಖಾಲಿ ಬಕೆಟನ್ನು ಹಲಗೆಗೆ ತಾಗದಷ್ಟೇ ಎತ್ತರದಲ್ಲಿಟ್ಟು ಮುಂದಕ್ಕೆ ಹತ್ತುತ್ತೇನೆ. ಮೊದಲು ಎಡ ಮತ್ತು ಬಲದ ಬ್ರೇಕ್ ಪೆಡಲುಗಳನ್ನು ಒಂದಕ್ಕೊಂದು ಸೇರಿಸುವ ಕೊಂಡಿ ಹಾಕಿಕೊಳ್ಳುತ್ತೇನೆ. ಹೊಲದಲ್ಲಿ ಸಣ್ಣ ತಿರುವಿಗೆ ಒಂದೇ ಬದಿಯ ಬ್ರೇಕ್ ಒತ್ತುವುದು ರೂಢಿ, ಆದರೆ ರ‍್ಯಾಂಪಿನ ಮೇಲೆ ಒಂದು ಪೆಡಲ್ ಮಾತ್ರ ಕಾಲಿಗೆ ಸಿಕ್ಕರೆ ಟ್ರ್ಯಾಕ್ಟರ್ ಅಡ್ಡ ತಿರುಗಿ ಪಕ್ಕಕ್ಕೆ ಬೀಳುತ್ತದೆ. ನಾಲ್ಕು ಚಕ್ರದ ಚಾಲನೆ ಇದ್ದರೆ ಅದನ್ನು ಹಾಕಿಕೊಂಡಿರಬೇಕು. ಅನೇಕ ಸಣ್ಣ ಟ್ರ್ಯಾಕ್ಟರುಗಳಲ್ಲಿ ಬ್ರೇಕ್ ಇರುವುದು ಹಿಂದಿನ ಚಕ್ರಗಳಿಗೆ ಮಾತ್ರ, ಚಾಲನೆ ಜೋಡಿಸಿದಾಗ ಆ ಹಿಡಿತ ಮುಂದಿನ ಚಕ್ರಗಳಿಗೂ ತಲುಪುತ್ತದೆ. ಯಂತ್ರ ಮಗುಚಿದರೆ ಚಾಲಕನನ್ನು ಕಾಯುವ ರಕ್ಷಣಾ ಚೌಕಟ್ಟು ಎತ್ತಿರಬೇಕು, ಸೀಟ್ ಬೆಲ್ಟ್ ಕಟ್ಟಿರಬೇಕು, ಅತಿ ಕಡಿಮೆ ಗೇರಿನಲ್ಲಿ ನಿಧಾನವಾಗಿ ಹತ್ತಬೇಕು, ನಡುವೆ ಕ್ಲಚ್ ಒತ್ತಬಾರದು, ಗೇರ್ ಬದಲಿಸಬಾರದು. ಟಯರಿನ ಕೆಸರನ್ನು ಕೆರೆದು ತೆಗೆದೇ ಹತ್ತಿಸುತ್ತೇನೆ. ಒದ್ದೆಯಾದ ಕಬ್ಬಿಣದ ರ‍್ಯಾಂಪು ಕೆಸರಿನೊಂದಿಗೆ ಸೇರಿದಾಗ ಹಿಡಿತವೆಂಬುದೇ ಇರುವುದಿಲ್ಲ. ಹತ್ತಿಸುವಾಗ ಹತ್ತಿರ ಯಾರನ್ನೂ ನಿಲ್ಲಗೊಡುವುದಿಲ್ಲ, ಸನ್ನೆ ಮಾಡುವವರಿದ್ದರೂ ದೂರದಲ್ಲಿ, ನನ್ನ ಕಣ್ಣಿಗೆ ಕಾಣುವ ಕಡೆ ಇರಬೇಕು.

ಗೆರೆಯ ಮೇಲೆ ಚಕ್ರ ನಿಂತ ಬಳಿಕ ಬಕೆಟನ್ನೂ ರೊಟವೇಟರನ್ನೂ ಹಲಗೆಗೆ ಇಳಿಸಿ, ಎಂಜಿನಿನ ಶಕ್ತಿಯನ್ನು ಉಪಕರಣಕ್ಕೆ ಒಯ್ಯುವ ಪಿಟಿಒ ಬಿಡಿಸಿ, ಹ್ಯಾಂಡ್ ಬ್ರೇಕ್ ಎಳೆದು, ಕಡಿಮೆ ಗೇರಿನಲ್ಲಿ ಬಿಟ್ಟು ಎಂಜಿನ್ ನಿಲ್ಲಿಸುತ್ತೇನೆ. ಎಣ್ಣೆಯ ಒತ್ತಡದಿಂದ ಓಡುವ ಹೈಡ್ರೊಸ್ಟ್ಯಾಟಿಕ್ ಚಾಲನೆಯ ಯಂತ್ರವಾದರೆ ಗೇರಿನ ಹಿಡಿತವನ್ನು ನಂಬುವಂತಿಲ್ಲ, ಹ್ಯಾಂಡ್ ಬ್ರೇಕೇ ಆಧಾರ. ಬಕೆಟ್ ಮತ್ತು ರೊಟವೇಟರುಗಳಿಗೆ ತಮ್ಮದೇ ಪ್ರತ್ಯೇಕ ಕಟ್ಟು ಬೇಕು, ಏಕೆಂದರೆ ಹಲಗೆ ಪುಟಿದಾಗಲೆಲ್ಲ ಅವು ಏಳಬಲ್ಲವು.

ಇನ್ನು ಸರಪಳಿ. ನಾನು ಬಳಸುವುದು ಸಾಗಣೆಗೆಂದೇ ತಯಾರಾದ ಗ್ರೇಡ್ 70 ಸರಪಳಿ. ಕೊಂಡಿಗಳ ಮೇಲಿನ 7 ಅಥವಾ 70 ಎಂಬ ಅಚ್ಚಿನಿಂದಲೂ ಸಾಮಾನ್ಯವಾಗಿ ಅದಕ್ಕಿರುವ ಹೊಂಬಣ್ಣದಿಂದಲೂ ಅದನ್ನು ಗುರುತಿಸಬಹುದು. 5/16 ಇಂಚಿನದಕ್ಕೆ ಕೆಲಸದ ಭಾರದ ಮಿತಿ ಸುಮಾರು 2,130 ಕಿಲೋ. ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಹೊರೆ ತನ್ನ ತೂಕದ ಶೇಕಡಾ 80ರಷ್ಟು ಬಲದಿಂದ ಮುಂದಕ್ಕೆ, ತಿರುವಿನಲ್ಲಿ 50ರಷ್ಟು ಬಲದಿಂದ ಪಕ್ಕಕ್ಕೆ ತಳ್ಳಬಹುದೆಂಬ ಆಧಾರದ ಮೇಲೆ ಅಮೆರಿಕ ಮತ್ತು ಯುರೋಪುಗಳಲ್ಲಿ ಕಟ್ಟಿನ ಲೆಕ್ಕ ಹಾಕುತ್ತಾರೆ. ನನ್ನ ಹೊರೆಗೆ ಅದು ಮುಂದಕ್ಕೆ 1,320 ಕಿಲೋ. ಇದನ್ನು ತಡೆಯುವುದು ಹಿಂದಕ್ಕೆ ಎಳೆದಿರುವ ಎರಡು ಸರಪಳಿಗಳು, ಅವು ಯಂತ್ರದ ಹಿಂಭಾಗದಿಂದ ಹೊರಟಿರಬಹುದು ಅಥವಾ ಮುಂಭಾಗದಿಂದ. ಯಾವುದೇ ಇರಲಿ, ಒಂದು ಜೋಡಿ ಮುಂದಕ್ಕೂ ಇನ್ನೊಂದು ಜೋಡಿ ಹಿಂದಕ್ಕೂ ಎಳೆಯುತ್ತಿರಬೇಕು, ಜೊತೆಗೆ ತುಸು ಹೊರಮುಖವಾಗಿಯೂ ಇರಬೇಕು. ಸರಪಳಿ 45 ಡಿಗ್ರಿಗಿಂತ ಹೆಚ್ಚು ಕಡಿದಾಗಿದ್ದರೆ ಅದರ ಬಹುಪಾಲು ಬಲ ಯಂತ್ರವನ್ನು ಹಲಗೆಗೆ ಒತ್ತಲು ಖರ್ಚಾಗಿ, ಅಡ್ಡಲಾಗಿ ಹಿಡಿಯಲು ಕಡಿಮೆ ಉಳಿಯುತ್ತದೆ. ಎರಡು ಉದ್ದ ಸರಪಳಿಗಳನ್ನು ತೂರಿಸಿ ಕಟ್ಟುವ ಕ್ರಮವೂ ಇದೆ, ನನಗೆ ಅದು ಹಿಡಿಸುವುದಿಲ್ಲ. ನಾಲ್ಕು ಮೂಲೆಗೆ ನಾಲ್ಕು ಸರಪಳಿ, ಅವನ್ನು ಬಿಗಿಯುವ ನಾಲ್ಕು ಬೈಂಡರ್ ಇದ್ದರೆ ಒಂದು ಸಡಿಲಾದಾಗ ಇನ್ನೊಂದು ಸಡಿಲಾಗುವುದಿಲ್ಲ.

ಕಟ್ಟುವ ಜಾಗಗಳಾಗಿ ಹಿಂದೆ ಆಕ್ಸಲಿನ ಹೊದಿಕೆ ಅಥವಾ ಟ್ರೇಲರ್ ಎಳೆಯಲು ಟ್ರ್ಯಾಕ್ಟರಿನ ಹಿಂದಿರುವ ಡ್ರಾಬಾರಿನ ಬುಡ, ಮುಂದೆ ಚೌಕಟ್ಟಿನ ಎರಕದ ಭಾಗ ಯೋಗ್ಯ. ಸ್ಟಿಯರಿಂಗ್ ರಾಡು, ಹೈಡ್ರಾಲಿಕ್ ಪೈಪು, ರಕ್ಷಣಾ ಚೌಕಟ್ಟು, ಲೋಡರಿನ ತೋಳು ಇವುಗಳಿಗೆ ಸರಪಳಿ ತಾಗಲೂಬಾರದು. ಟ್ರ್ಯಾಕ್ಟರಿಗೆ ಟಯರೇ ಸ್ಪ್ರಿಂಗ್ ಆದ್ದರಿಂದ ಟಯರು ಸ್ವಲ್ಪ ಅಮುಕುವವರೆಗೆ ಬಿಗಿಯುತ್ತೇನೆ. ಗಾಳಿ ಇಳಿದರೆ ಸರಪಳಿಯೂ ಸಡಿಲಾಗುತ್ತದೆ ಎಂಬುದನ್ನು ಲಕ್ಷ್ಯದಲ್ಲಿಟ್ಟುಕೊಂಡು ಹೇರುವ ಮೊದಲೇ ಗಾಳಿ ನೋಡಿರುತ್ತೇನೆ. ಬೈಂಡರುಗಳಲ್ಲಿ ನನ್ನ ಆಯ್ಕೆ ರ‍್ಯಾಚೆಟ್ ಮಾದರಿ. ಸನ್ನೆಕೋಲಿನ (ಲಿವರ್) ಮಾದರಿಯ ಬೈಂಡರ್ ಬೇಗ ಬಿಗಿಯುತ್ತದೆ ನಿಜ, ಆದರೆ ಬಿಚ್ಚುವಾಗ ಹಿಡಿಕೆ ಅಷ್ಟೇ ರಭಸದಿಂದ ತಿರುಗಿ ಬಡಿಯಬಲ್ಲದು, ಅದಕ್ಕೆ ಪೈಪು ತೊಡಿಸಿ ಎಳೆಯುವವರಂತೂ ಅಪಾಯವನ್ನು ಇಮ್ಮಡಿಸಿಕೊಳ್ಳುತ್ತಾರೆ. ಕಡೆಯದಾಗಿ ಬಾನೆಟ್ಟಿನ ಚಿಲಕ, ಸೀಟು, ಬಿಡಿ ಪಿನ್ನುಗಳು ಇವನ್ನು ನೋಡಿ, ಸೈಲೆನ್ಸರಿನ ಬಾಯಿ ಮುಚ್ಚಿ, ನಿಧಾನ ವಾಹನವೆಂದು ಸೂಚಿಸುವ ತ್ರಿಕೋನ ಫಲಕವನ್ನು ಮರೆಮಾಡುತ್ತೇನೆ. ರಕ್ಷಣಾ ಚೌಕಟ್ಟನ್ನು ಮಡಚುವುದು ಈಗ. ಹೊರೆಯ ಒಟ್ಟು ಎತ್ತರವನ್ನೂ ಆಗಲೇ ಅಳೆದುಕೊಳ್ಳುತ್ತೇನೆ.

ಹೊರಟ 10–15 ಕಿಲೋಮೀಟರಿನೊಳಗೆ ಮೊದಲ ನಿಲುಗಡೆ. ಅಷ್ಟರಲ್ಲಿ ಯಂತ್ರ ಅಲುಗಾಡಿ ತನ್ನ ಜಾಗದಲ್ಲಿ ಕೂತಿರುತ್ತದೆ, ಸರಪಳಿಗಳು ಸಾಮಾನ್ಯವಾಗಿ ಒಂದೆರಡು ಹಲ್ಲಿನಷ್ಟು ಬಿಗಿತ ಕೇಳುತ್ತವೆ. ಅಲ್ಲಿಯೇ ಕೈಯನ್ನು ಹಬ್‌ಗಳ ಹತ್ತಿರ ಹಿಡಿದು ನೋಡುತ್ತೇನೆ. ನಾಲ್ಕರಲ್ಲಿ ಒಂದು ಮಾತ್ರ ಹೆಚ್ಚು ಬಿಸಿಯಾಗಿದ್ದರೆ ಬೇರಿಂಗ್ ಅಥವಾ ಬ್ರೇಕಿನಲ್ಲಿ ತೊಂದರೆಯಿದೆ ಎಂದರ್ಥ. ಇಳಿಜಾರಿನಲ್ಲಿ ಇಳಿಯತೊಡಗುವ ಮೊದಲೇ ಗೇರ್ ತಗ್ಗಿಸುತ್ತೇನೆ. ಎಂದಾದರೂ ಟ್ರೇಲರ್ ಓಲಾಡತೊಡಗಿದರೆ ವಾಹನದ ಬ್ರೇಕ್ ಒತ್ತುವುದಾಗಲಿ, ಸ್ಟಿಯರಿಂಗ್ ತಿರುವಿ ಸರಿಪಡಿಸಲು ಹೋಗುವುದಾಗಲಿ, ವೇಗ ಹೆಚ್ಚಿಸುವುದಾಗಲಿ ಕೂಡದು. ಆಕ್ಸಿಲರೇಟರಿನಿಂದ ಕಾಲು ಸಡಿಲಿಸಿ, ಸ್ಟಿಯರಿಂಗನ್ನು ನೇರವಾಗಿ ಹಿಡಿದು, ಟ್ರೇಲರಿನ ಬ್ರೇಕನ್ನು ಮಾತ್ರ ಕೈಯಿಂದ ಹಾಕುವ ಸೌಲಭ್ಯವಿದ್ದರೆ ಮೆಲ್ಲನೆ ಹಾಕಬೇಕು. ನಿಂತ ಮೇಲೆ ನೋಡಬೇಕಾದ್ದು ಹೊರೆಯ ಜಾಗವನ್ನು.

ಇಳಿಸುವಾಗ ಆತುರ ಹೆಚ್ಚು, ಕೆಲಸ ಕಾದಿರುತ್ತದೆ. ಆದರೂ ಸರಪಳಿ ಬಿಚ್ಚುವ ಮೊದಲು ಮಟ್ಟಸ ನೆಲ, ಅಡೆ, ಬಾಲದ ಆಧಾರ ಇವೆಲ್ಲ ಹೇರುವಾಗಿನಂತೆಯೇ ಸಿದ್ಧವಾಗಿರಬೇಕು. ರಕ್ಷಣಾ ಚೌಕಟ್ಟನ್ನು ಮತ್ತೆ ಎತ್ತಿ ಪಿನ್ ಹಾಕಬೇಕು, ಪೆಡಲುಗಳ ಕೊಂಡಿ ಹಾಗೆಯೇ ಇರಬೇಕು. ರಿವರ್ಸಿನಲ್ಲಿ ಹತ್ತಿದ್ದು ಮುಂದಕ್ಕೆ ಇಳಿಯುತ್ತದೆ, ಮುಂದಕ್ಕೆ ಹತ್ತಿದ್ದು ರಿವರ್ಸಿನಲ್ಲಿ ಇಳಿಯುತ್ತದೆ, ಹೀಗೆ ಭಾರದ ತುದಿ ಏರಿನ ಕಡೆಗೇ ಉಳಿಯುತ್ತದೆ. ಬಿಚ್ಚಿದ ಸರಪಳಿಗಳನ್ನು ಒಳಗಿಡುವಾಗ ಒಂದೊಂದು ಕೊಂಡಿಯನ್ನೂ ಕೈಯಿಂದ ಸವರಿ ನೋಡುತ್ತೇನೆ. ಹಿಗ್ಗಿದ, ಬಾಗಿದ ಅಥವಾ ಬಿರುಕುಬಿಟ್ಟ ಕೊಂಡಿ ಕಂಡರೆ ಆ ಸರಪಳಿ ಮತ್ತೆ ಟ್ರೇಲರಿಗೆ ಬರುವುದಿಲ್ಲ.