ಯಕ್ಷಗಾನ ಬಾರದ ಇ-ರೀಡರ್

ಹೊಸನಗರದ ಕಡೆ ಆಷಾಢದ ಮಳೆ ಹಿಡಿದರೆ ಕರೆಂಟು ಹೋಗುವುದು ದಿನಗಳ ಲೆಕ್ಕದಲ್ಲಿ. ತಂತಿಯ ಮೇಲೆ ಒಂದು ಮರ ಉರುಳಿದರೆ ಸಾಕು. ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುತ್ತದೆ ಎಂಬ ಒಂದೇ ಮಾತಿಗೆ ಮರುಳಾಗಿ ಪುಸ್ತಕ ಓದಲೆಂದೇ ಇರುವ ಆರು ಇಂಚಿನ ಇ-ರೀಡರ್ ತರಿಸಿದೆ. ಓದಿನ ಜೊತೆಗೆ ಉಳಿದ ಕೆಲಸವೂ ನಡೆದೀತು ಎಂದುಕೊಂಡಿದ್ದೆ.

ಪೆಟ್ಟಿಗೆ ಬಿಚ್ಚುವಾಗಲೇ ಅಮ್ಮ ಕೇಳಿದರು: "ಇದರಲ್ಲಿ ಯಕ್ಷಗಾನ ಬರುತ್ತದೇನೋ?" ಬರುವುದಿಲ್ಲ. ಸ್ಪೀಕರೇ ಇಲ್ಲ. ಇದ್ದಿದ್ದರೂ ಈ ಪರದೆಯ ಮೇಲೆ ವೇಷ ಕುಣಿಯುವಂತಿಲ್ಲ. ಒಳಗೆ ಕಪ್ಪು-ಬಿಳಿ ಕಣಗಳು ನಿಜವಾಗಿಯೂ ಮೇಲೆ ಕೆಳಗೆ ಸರಿದು ಅಕ್ಷರ ಮೂಡಿಸುತ್ತವೆ. ಒಮ್ಮೆ ಮೂಡಿದ ಪುಟ ನಿಲ್ಲಲು ವಿದ್ಯುತ್ತು ಬೇಡ, ಮಗುಚುವಾಗ ಮಾತ್ರ ಬೇಕು. ಬ್ಯಾಟರಿ ಉಳಿಯುವುದು ಅದರಿಂದಲೇ. ಆದರೆ ಕಣಗಳು ಸರಿಯುವುದು ನಿಧಾನ, ವಿಡಿಯೊ ಸರಾಗವಾಗಿ ಓಡದಿರುವುದು ಅದರಿಂದ. ಹಿಂದಿನ ಪುಟದ ನೆರಳು ಕೆಲವೊಮ್ಮೆ ಮಸುಕಾಗಿ ಉಳಿದುಬಿಡುತ್ತದೆ. ಅಡಿಕೆ ಧಾರಣೆ ನೋಡಲು ಬ್ರೌಸರ್ ತೆರೆದೆ. ರಾಶಿ ಅಡಿಕೆಯ ದರ ಬರುವಷ್ಟರಲ್ಲಿ ಕಾಫಿ ಆರಿತ್ತು. ಆ ಪ್ರಯೋಗ ಅಲ್ಲಿಗೇ ಬಿಟ್ಟೆ.

ನಿಜವಾಗಿ ಕೈಕೊಟ್ಟದ್ದು ತೋಟದ ವಿಷಯದಲ್ಲಿ. ಅಡಿಕೆಯ ಎಲೆಚುಕ್ಕೆ ರೋಗದ ಬಗೆಗಿನ ಪಿಡಿಎಫ್ ಒಂದನ್ನು ಹಾಕಿಕೊಂಡು ಮರದ ಬುಡಕ್ಕೆ ಹೋದೆ. ಕಂದು ಚುಕ್ಕೆ, ಸುತ್ತ ಹಳದಿ ಅಂಚು ಎಂದು ಬರೆದಿತ್ತು. ಚಿತ್ರದಲ್ಲಿ ಕಂದೂ ಬೂದು, ಹಳದಿಯೂ ಬೂದು. ಪಕ್ಕದಲ್ಲಿ ಹಳದಿ ಎಲೆ ರೋಗದ ಸೋಗೆ, ಅದೂ ಬೂದು. ನಮ್ಮ ಮರಕ್ಕೆ ಬಂದದ್ದು ಯಾವುದೆಂದು ತಿಳಿದದ್ದು ಮಗಳ ಮಾಮೂಲಿ ಟ್ಯಾಬ್ಲೆಟ್‌ನಲ್ಲಿ ಅದೇ ಪುಟ ತೆರೆದ ಮೇಲೆ. ಸಾಲದ್ದಕ್ಕೆ ಪುಟ ಎ4 ಅಳತೆಯದು. 21 ಸೆಂಟಿಮೀಟರ್ ಅಗಲದ ಹಾಳೆ 9 ಸೆಂಟಿಮೀಟರಿಗೆ ಕುಗ್ಗಿದಾಗ ಔಷಧಿಯ ಪಟ್ಟಿ ಇರುವೆ ಸಾಲಿನಂತೆ ಕಂಡಿತು. ಸಿಂಪಡಿಸುವ ಶೇ. 1ರ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ 1 ಕಿಲೊ, ಸುಣ್ಣ 1 ಕಿಲೊ, ನೀರು 100 ಲೀಟರ್ ಎಂಬುದು ಬಾಯಿಪಾಠವಾಗಿತ್ತೋ, ಬಚಾವಾದೆ.

ಆಮೇಲೆ ಇದರಿಂದ ಓದನ್ನಷ್ಟೇ ಬಯಸಿದೆ. ಚಿಕ್ಕಪ್ಪ ಹಿಂದೆ 'ನುಡಿ' ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಟ್ಟಿದ್ದ ಯಕ್ಷಗಾನ ಪ್ರಸಂಗಗಳ ಕಡತಗಳು ಮನೆಯಲ್ಲಿದ್ದವು. ನೇರ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಕಂಪ್ಯೂಟರಿನಲ್ಲಿ ಅವನ್ನು ಯೂನಿಕೋಡ್ ಎಂಬ ಎಲ್ಲೆಡೆ ಸಲ್ಲುವ ಅಕ್ಷರ ಸಂಕೇತಕ್ಕೆ ಬದಲಿಸಿದೆ. ಆಗಲೂ ರೀಡರಿನಲ್ಲಿ ಒತ್ತಕ್ಷರಗಳು ಕೆಳಗಿಳಿಯದೆ ಪಕ್ಕದಲ್ಲೇ ನಿಂತವು. 'ಕೃಷ್ಣ'ನ ಅವಸ್ಥೆ ನೋಡುವಂತಿರಲಿಲ್ಲ. ಕೊನೆಗೆ ಪುಟದ ಅಳತೆಯನ್ನೇ ಎ6ಕ್ಕೆ ಇಳಿಸಿ, ಅಂಚು ಕಿರಿದು ಮಾಡಿ, ಅಕ್ಷರ 16 ಪಾಯಿಂಟ್ ಇಟ್ಟು ಪಿಡಿಎಫ್ ಮಾಡಿದೆ. ಪಿಡಿಎಫ್ ತನ್ನ ಅಕ್ಷರವಿನ್ಯಾಸವನ್ನು ತಾನೇ ಹೊತ್ತು ತರುವುದರಿಂದ ಒತ್ತುಗಳು ತಮ್ಮ ಜಾಗದಲ್ಲಿ ಕುಳಿತವು.

ಕಳೆದ ಮಳೆಗಾಲದಲ್ಲಿ ಕರೆಂಟಿಲ್ಲದ ಮೂರನೆಯ ಸಂಜೆ, ಮಗಳ ಟ್ಯಾಬ್ಲೆಟ್ ಎಂದೋ ಆರಿಹೋಗಿತ್ತು. ಅಮ್ಮ ಜಗಲಿಯಲ್ಲಿ ರೀಡರ್ ಹಿಡಿದು ಪದ್ಯ ಹೇಳಿಕೊಳ್ಳುತ್ತಾ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. "ಪದ್ಯ ಬಂತು, ಚಂಡೆ ಬರಲಿಲ್ಲವಲ್ಲ" ಎಂದರು.