ಮೊದಲು ಮಾತು, ಆಮೇಲೆ ಚಿತ್ರ: ಶರಾವತಿ ಮುಳುಗಡೆ ಸಾಕ್ಷ್ಯಚಿತ್ರದ ನನ್ನ ಅನುಭವ

ಶರಾವತಿ ಹಿನ್ನೀರಿನಲ್ಲಿ ಊರು ಮುಳುಗಿದವರ ಬಗ್ಗೆ ಸಾಕ್ಷ್ಯಚಿತ್ರ ಮಾಡಲು, ಕ್ಯಾಮೆರಾ ಮುಟ್ಟದೆ ಒಂದೂವರೆ ವರ್ಷ ಬರೀ ಧ್ವನಿ ರೆಕಾರ್ಡ್ ಮಾಡುತ್ತೇನೆ ಅಂದಾಗ ಬೆಂಗಳೂರಿನ ಗೆಳೆಯರು ನಕ್ಕಿದ್ದರು. ಅನುದಾನ ಕೇಳಿದ ಕಡೆ ಟ್ರೇಲರ್ ಎಲ್ಲಿ ಅಂದರು. ನನ್ನ ಹತ್ತಿರ ಇದ್ದದ್ದು ಆಡಿಯೊ ಫೈಲು ಮಾತ್ರ. ಅರ್ಜಿ ವಾಪಸ್ ಬಂತು. ಈಗ ಚಿತ್ರ ಮುಗಿದಿದೆ, ಸುಮಾರು 50 ನಿಮಿಷ. ಸಾಗರ, ಹೊಸನಗರದ ಹಳ್ಳಿಗಳಲ್ಲಿ ಜನ ನಿಂತು ನೋಡಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಶುರುವಿನಲ್ಲಿ ನಾನೂ ಟ್ರೈಪಾಡ್, ಲೈಟು, ಬೂಮ್ ಮೈಕು ಎಲ್ಲ ಹೊತ್ತುಕೊಂಡೇ ಹೋಗಿದ್ದೆ. ಅಜ್ಜಂದಿರು ಲೆನ್ಸ್ ಕಂಡ ಕೂಡಲೇ ಬೆನ್ನು ನೆಟ್ಟಗೆ ಮಾಡಿ ಮನವಿಪತ್ರ ಓದಿದ ಹಾಗೆ ಮಾತಾಡುತ್ತಿದ್ದರು. ತಪ್ಪು ಅವರದ್ದಲ್ಲ. 1964ರಲ್ಲಿ ಶರಾವತಿಗೆ ಅಡ್ಡ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಊರುಗಳು ಮುಳುಗಿದವು. ಊರು ಬಿಟ್ಟವರಲ್ಲಿ ಎಷ್ಟೋ ಮನೆಯವರಿಗೆ ಹಕ್ಕುಪತ್ರ ಇನ್ನೂ ಸಿಕ್ಕಿಲ್ಲ. ಕೂತಿರುವ ಜಾಗ ದಾಖಲೆಯಲ್ಲಿ ಕಾಡು. 1980ರ ಅರಣ್ಯ ಕಾಯ್ದೆ ಬಂದ ಮೇಲೆ ಅದಕ್ಕೆ ದೆಹಲಿಯ ಒಪ್ಪಿಗೆಯೂ ಬೇಕು. ಪ್ರತಿ ಚುನಾವಣೆಗೂ ಯಾರೋ ಮೈಕು ಹಿಡಿಯುತ್ತಾರೆ, ಇವರು ಅದೇ ನಾಲ್ಕು ಮಾತು ಹೇಳುತ್ತಾರೆ.

ಆಮೇಲೆ ಕೈಯಲ್ಲಿ ಹಿಡಿಯೋ ಜೂಮ್ ಧ್ವನಿ ರೆಕಾರ್ಡರ್ ಒಂದನ್ನೇ ತೆಗೆದುಕೊಂಡು ಅಡಿಕೆ ಸುಲಿಯೋ ರಾತ್ರಿಗಳಲ್ಲಿ ಹೋಗಿ ಕೂತೆ. ಒಪ್ಪಿಗೆ ಕೇಳಿ, ಅದನ್ನೂ ರೆಕಾರ್ಡ್ ಮಾಡಿಕೊಂಡು, ನಾನೂ ಒಂದು ಮೆಟ್ಟುಗತ್ತಿ ಎಳೆದುಕೊಳ್ಳುತ್ತಿದ್ದೆ. ಕೈ ಕೆಲಸದಲ್ಲಿದ್ದಾಗ ಬಾಯಿ ಬೇರೆಯೇ ಕಥೆ ಹೇಳುತ್ತದೆ. ಯಾವ ಬಾಗಿಲು ಕಿತ್ತು ಲಾರಿಗೆ ಹಾಕಿದರು, ಯಾವ ಹಸು ಹಗ್ಗ ಹರಿದುಕೊಂಡು ಹಳೇ ಊರಿಗೆ ವಾಪಸ್ ಓಡಿತು, ಇವೆಲ್ಲ ಆಗ ಬಂದವು. ಒತ್ತುವರಿ ಕೇಸಿರುವವರು ಮುಖ ತೋರಿಸಲು ಹೆದರುತ್ತಾರೆ, ಧ್ವನಿಗೆ ಹೆದರಲ್ಲ. ಮೊದಲ ಪ್ರಶ್ನೆ ಏನು ಕೇಳುತ್ತಿದ್ದೆ ಅನ್ನೋದನ್ನು ಮಾತ್ರ ಇಲ್ಲಿ ಹೇಳಲ್ಲ.

ಮಳೆಗಾಲದ ರೆಕಾರ್ಡಿಂಗ್ ಮುಕ್ಕಾಲು ಪಾಲು ಹಾಳಾಯಿತು. ತಗಡಿನ ಮಾಡಿನ ಮೇಲೆ ಮಳೆ ಬಿದ್ದರೆ ಯಾವ ಸಾಫ್ಟ್‌ವೇರೂ ಉಳಿಸಲ್ಲ. ಕೊನೆಗೆ ಭತ್ತದ ಚೀಲ ಪೇರಿಸಿದ ಕೋಣೆಯಲ್ಲಿ ಕಂಬಳಿ ಕಟ್ಟಿ ಕೂತೆವು. ಕೆಲವು ಸ್ಟುಡಿಯೊಗಳಿಗಿಂತ ಚೆನ್ನಾಗಿ ಬಂದಿದೆ, ಸುಮ್ನೆ ಹೇಳುತ್ತಿಲ್ಲ.

ಚಿತ್ರಕ್ಕೆ ಏಪ್ರಿಲ್, ಮೇ ತಿಂಗಳೇ ಆಗಬೇಕು. ಲಿಂಗನಮಕ್ಕಿ ತುಂಬಿದರೆ ನೀರಿನ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ. ನೀರು ಚೆನ್ನಾಗಿ ಇಳಿದರೆ ಮರದ ಬೊಡ್ಡೆಗಳು, ಹಳೇ ರಸ್ತೆ, ಕೊನೆಗೆ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೂ ಮೇಲೆ ಬರುತ್ತದೆ. ಅದು 1948ರದ್ದು. ಜೋಗದ ಕರೆಂಟಿಗೆ ಅಂತ ಕಟ್ಟಿದ ಡ್ಯಾಮನ್ನೇ ಮುಂದಿನ ಡ್ಯಾಮ್ ಮುಳುಗಿಸಿತು. ಆದರೆ ಮೊದಲ ಬೇಸಿಗೆ ನೀರು ಇಳಿಯಲೇ ಇಲ್ಲ, ಹಿಂದಿನ ವರ್ಷ ಮಳೆ ಜಾಸ್ತಿ. ಕ್ಯಾಮೆರಾದ ಕಂತು ಕಟ್ಟುತ್ತಾ ಇನ್ನೊಂದು ವರ್ಷ ಕಾದೆ. ಮನೆಯಲ್ಲಿ ಏನು ಕೇಳಿಸಿಕೊಂಡೆ ಅಂತ ಬರೆಯೋದು ಬೇಡ. ಮರುವರ್ಷ ಅಜ್ಜನೊಬ್ಬರನ್ನು ತೆಪ್ಪದಲ್ಲಿ ಕರೆದುಕೊಂಡು ಹೋದೆ. ಮಾತು ಆಗಲೇ ನನ್ನ ಹತ್ತಿರ ಇತ್ತು, ಅವರು ಸುಮ್ಮನೆ ನಡೆದರೆ ಸಾಕಿತ್ತು. ತಮ್ಮ ಮನೆಯ ಅಡಿಪಾಯವನ್ನು ಕಾಲಿಂದ ತಡವಿ ಹುಡುಕಿದರು. ಇದನ್ನು ಹೇಳಿಕೊಟ್ಟು ಮಾಡಿಸೋಕಾಗುತ್ತದಾ?

ಖರ್ಚು ಒಟ್ಟು ಮೂರು, ಮೂರೂಕಾಲು ಲಕ್ಷ ಇರಬಹುದು. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ನಲವತ್ತೈದು ಸಾವಿರದ ಆಸುಪಾಸು. ಪೆಟ್ರೋಲು ಅದಕ್ಕಿಂತ ಜಾಸ್ತಿ ತಿಂದಿತು. ಲೆನ್ಸಿಗೆ ಬೂಸ್ಟು ಹಿಡಿದು ಶುಚಿ ಮಾಡಿಸಲು ಆರೇಳು ಸಾವಿರ. ಒಲೆ ಮೇಲಿನ ಅಟ್ಟದಲ್ಲಿಟ್ಟರೆ ಬೆಚ್ಚಗಿರುತ್ತದೆ ಅಂತ ಪ್ರಯೋಗ ಮಾಡಿದೆ. ಬೂಸ್ಟು ಬರಲಿಲ್ಲ, ಮಸಿ ಬಂತು. ಕೊನೆಗೆ ಗಾಳಿಯಾಡದ ಡಬ್ಬಿ ಮತ್ತು ಸಿಲಿಕಾ ಜೆಲ್. ಎಡಿಟಿಂಗ್ ಪೂರ್ತಿ ಡಾವಿಂಚಿ ರಿಸಾಲ್ವ್ ಅನ್ನೋ ಸಾಫ್ಟ್‌ವೇರಿನ ಉಚಿತ ಆವೃತ್ತಿಯಲ್ಲಿ. ಹಳ್ಳಿ ಪ್ರದರ್ಶನಗಳಲ್ಲಿ ತಟ್ಟೆಗೆ ಬಿದ್ದ ಹಣದಿಂದ ಮೂರನೇ ಒಂದು ಭಾಗ ವಾಪಸ್ ಬಂದಿದೆ. ಒಂದು ಊರಿನವರು ದುಡ್ಡಿನ ಬದಲು ಅರ್ಧ ಮೂಟೆ ಅಕ್ಕಿ ಕೊಟ್ಟರು.

ನಡುವೆ ಇನ್ನೊಂದು ಹುಚ್ಚು. ನೀರಿನೊಳಗಿನ ಸದ್ದು ಬೇಕು ಅಂತ ಅಂಗಿಗೆ ಸಿಕ್ಕಿಸೋ ಲೇಪಲ್ ಮೈಕಿಗೆ ಕಾಂಡೋಮ್ ಸುತ್ತಿ ಹಿನ್ನೀರಿಗೆ ಇಳಿಸಿದೆ. ಮೆಡಿಕಲ್ ಶಾಪಿನವನು ಎರಡನೇ ಸಲ ಹೋದಾಗ ನಗುತ್ತಿದ್ದ. ಸಿಕ್ಕಿದ್ದು ಹೊಳೆಬಾಗಿಲು ಲಾಂಚಿನ ಇಂಜಿನ್ ಗೊರಗೊರ ಮಾತ್ರ. ಆಗ ಬೇಜಾರಾಗಿತ್ತು. 2025ರ ಜುಲೈನಲ್ಲಿ ಆ ಲಾಂಚು ಜನರನ್ನು ದಾಟಿಸುತ್ತಿದ್ದ ಕಡೆಯೇ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆದ ಮೇಲೆ ಇಬ್ಬರು ಮೂವರು ಫೋನ್ ಮಾಡಿ ಆ ಸದ್ದು ಬೇಕು ಅಂತ ಕೇಳಿದ್ದಾರೆ, ಅಂದು ನಕ್ಕವರೂ ಸೇರಿ. ಅವರಿಗೆ ಇನ್ನೂ ಕೊಟ್ಟಿಲ್ಲ.