ಗಂಟು ಕಟ್ಟಿ ಕರಗಿಸಿದ ಯೂರಿಯಾ

ನಾಟಿ ಮುಗಿದು ಮೂರು ವಾರ ಆಗಿತ್ತು. ಮಂಡ್ಯದ ಹತ್ತಿರ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನ ನಮ್ಮ ಗದ್ದೆಯಲ್ಲಿ ಪೈರಿನ ಎಲೆ ಮೇಲೆ ತುಕ್ಕಿನಂಥ ಕಂದು ಚುಕ್ಕೆ ಬಂತು. ಜಿಂಕ್ ಕೊರತೆ. ಲೀಟರ್ ನೀರಿಗೆ 5 ಗ್ರಾಂ ಜಿಂಕ್ ಸಲ್ಫೇಟ್, 20 ಗ್ರಾಂ ಯೂರಿಯಾ ಹಾಕಿ ಹೊಡೆಯಬೇಕು. 16 ಲೀಟರ್ ಕ್ಯಾನಿಗೆ 80 ಮತ್ತು 320 ಗ್ರಾಂ. ಲೆಕ್ಕ ಸುಲಭ, ಅಲ್ವಾ? ಎರಡನ್ನೂ ನೇರ ಕ್ಯಾನಿಗೇ ಸುರಿದು, ಎರಡು ಸಲ ಅಲ್ಲಾಡಿಸಿ, ಬೆನ್ನಿಗೇರಿಸಿದೆ.

ನಾಲ್ಕು ದಿನ ಬಿಟ್ಟು ನೋಡಿದರೆ ಮೊದಲ ಸಾಲುಗಳ ಎಲೆ ತುದಿ ಸುಟ್ಟಿತ್ತು. ಕೊನೆ ಸಾಲಿನ ಚುಕ್ಕೆ ಹಾಗೇ ಇತ್ತು. ಕರಗದ ಕಾಳು ತಳದಲ್ಲಿ ಕೂತು ಅಲ್ಲಿನ ನೀರನ್ನೇ ಗಟ್ಟಿ ಮಾಡಿತ್ತು. ಪೈಪು ಎಳೆಯುವುದೂ ತಳದಿಂದಲೇ.

"ತಳಕ್ ಸುರುದ್ರೆ ಕರಗಲ್ಲ ಕಣ್ಲಾ, ಮೇಲ್ ನೇತಾಕು" ಅಂದರು ಅಪ್ಪ. ಅವರೇ ಹಳೇ ಪಂಚೆ ತುಂಡಿನಲ್ಲಿ ಆರು ಕ್ಯಾನಿನ ಯೂರಿಯಾ ಗಂಟು ಕಟ್ಟಿ, ಕೋಲಿಗೆ ತೂಗುಹಾಕಿ, 5 ಲೀಟರ್ ನೀರಿನಲ್ಲಿ ಮೇಲ್ಮಟ್ಟಕ್ಕೆ ಮುಳುಗಿಸಿದರು. ಕಣ್ಣಿಟ್ಟು ನೋಡಿದರೆ ಗಂಟಿನಿಂದ ಎಳೆಎಳೆಯಾಗಿ ಏನೋ ಕೆಳಗಿಳಿಯುತ್ತೆ. ಕರಗಿದ ನೀರು ಭಾರ, ಅದು ಕೆಳಗೆ ಹೋಗುತ್ತೆ, ಸಪ್ಪೆ ನೀರು ಮೇಲೆ ಬಂದು ಕಾಳು ಮುಟ್ಟುತ್ತೆ. ಕೋಲಾಡಿಸುವ ಕೆಲಸವೇ ಇಲ್ಲ. ಬಕೆಟ್ ಮುಟ್ಟಿದರೆ ಮಾತ್ರ ತಣ್ಣಗೆ ಕೊರೆಯುತ್ತೆ, ಹೊರಗೆಲ್ಲ ಬೆವರು. ಯೂರಿಯಾ ಕರಗುವಾಗ ನೀರಿನ ಬಿಸಿ ಎಳೆದುಕೊಳ್ಳುತ್ತೆ. ತಣ್ಣಗಾದಷ್ಟೂ ಕರಗೋದು ನಿಧಾನ, ಹಾಗಾಗಿ ನಾನು ಬಿಸಿಲಲ್ಲೇ ಇಡುತ್ತೇನೆ.

ಹೆಚ್ಚುಕಮ್ಮಿ ಎರಡು ಕೆಜಿ ಯೂರಿಯಾ ಕರಗಿದರೂ ನೀರು ಏರೋದು ಒಂದೂವರೆ ಲೀಟರಿನಷ್ಟು. ಆಮೇಲೆ ನೀರು ಸೇರಿಸಿ ಸರಿಯಾಗಿ 9 ಲೀಟರ್ ಮಾಡಿ, ಕ್ಯಾನಿಗೆ ಒಂದೂವರೆ ಲೀಟರ್ ಹಾಕುತ್ತೇನೆ. ಜಿಂಕ್ ಬೇರೆ ಬಕೆಟ್ಟಿನಲ್ಲಿ. ಒಮ್ಮೆ ಪೂರ್ತಿ ಕರಗಿ ಬೆರೆತರೆ ಸಂಜೆವರೆಗೂ ಮೇಲೂ ಕೆಳಗೂ ಒಂದೇ ಸಮ. ಸುಣ್ಣದ ಹಾಲು ಹಾಗಲ್ಲ. ಅದು ಕರಗೋದೇ ಲೀಟರಿಗೆ ಎರಡು ಗ್ರಾಮಿಗಿಂತ ಕಡಿಮೆ, ಉಳಿದದ್ದು ಸುಮ್ನೆ ತೇಲಾಡಿ ಕೂರುತ್ತೆ.

ಒಂದು ಸಲ ಕೂಲಿ ಉಳಿಸೋಣ ಅಂತ ಜಿಂಕ್ ನೀರಿಗೇ ಡಿಎಪಿ, ಅಂದ್ರೆ ರಂಜಕ ಇರುವ ಗೊಬ್ಬರದ ನೀರು ಸುರಿದೆ. ಎರಡೂ ತಿಳಿಯಾಗೇ ಇದ್ದವು. ಸೇರಿದ್ದೇ ತಡ, ಹಾಲು ಒಡೆದಂತಾಯಿತು. ಜಿಂಕೂ ರಂಜಕವೂ ಕೂಡಿ ನೀರಲ್ಲಿ ಕರಗದ ಬಿಳಿ ಪುಡಿ ಆಗಿತ್ತು. ನಾಜಲ್ ಕಟ್ಟಿಕೊಂಡು ಅರ್ಧ ದಿನ ಹಾಳು. ಈಗ ಡಿಎಪಿಯನ್ನು ಹಿಂದಿನ ರಾತ್ರಿಯೇ ನೆನೆಹಾಕಿ, ಮೇಲಿನ ತಿಳಿಯನ್ನಷ್ಟೇ ಸೋಸಿ, ಬೇರೆ ದಿನ ಹೊಡೆಯುತ್ತೇನೆ. ತಳದ ಗಸಿ ತೆಂಗಿನ ಬುಡಕ್ಕೆ.